ಲಾರಿ ನಿಂತ ಮೇಲೆ

2025ರ ಅಕ್ಟೋಬರ್ 1ರಿಂದೀಚೆಗೆ ತಯಾರಾಗುವ ಮಧ್ಯಮ ಹಾಗೂ ಭಾರಿ ಸರಕು ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಕೇಂದ್ರದ ರಸ್ತೆ ಸಾರಿಗೆ ಮಂತ್ರಾಲಯ ಈ ಆಜ್ಞೆಯನ್ನು ಹೊರಡಿಸಿದ್ದು 2023ರ ಡಿಸೆಂಬರಿನಲ್ಲಿ. ಒಟ್ಟು ತೂಕ ಮೂರೂವರೆ ಟನ್ನು ಮೀರಿದ ಸರಕು ವಾಹನಗಳೆಲ್ಲ ಇದರೊಳಗೆ ಬರುತ್ತವೆ. 43ರಿಂದ 47 ಡಿಗ್ರಿ ಕಾವಿನಲ್ಲಿ ಕುಳಿತು ಲಾರಿ ನಡೆಸುವವನ ಪಾಡೇನಾಗಿರಬೇಕೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ 2023ರಲ್ಲಿ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದು. ಬಳ್ಳಾರಿ, ರಾಯಚೂರು, ಕಲಬುರಗಿಗಳ ಏಪ್ರಿಲ್ ಮೇ ತಿಂಗಳ ಬಿಸಿಲನ್ನು ಬಲ್ಲ ನಮ್ಮ ವಾಚಕರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲ ಕೆಳಗೆ ಇಂಜಿನ್ನಿನ ಕಾವು, ತಲೆಯ ಮೇಲೆ ಕಾದ ತಗಡು, ಎದುರಿಗೆ ಗಾಜಿನಿಂದ ಹೊಡೆಯುವ ಬಿಸಿಲು. ಈ ಮೂರರ ನಡುವೆ ಕೂತವನಿಗೆ ಸರಕಾರ ಕೊನೆಗೂ ತಂಪು ಗಾಳಿ ಕೊಡಿಸಲು ಮನಸ್ಸು ಮಾಡಿದ್ದನ್ನು ನಾವು ಸ್ವಾಗತಿಸುತ್ತೇವೆ.

ಇದು ಬಹಳ ತಡವಾಗಿ ಬಂದಿತೆಂಬುದನ್ನೂ ಹೇಳಬೇಕು. ನಮ್ಮ ರಾಜ್ಯದ ಹೊಸಕೋಟೆಯಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿ 1998ರಿಂದಲೂ ಲಾರಿ ತಯಾರಿಸುತ್ತಿದೆ. ಆ ಲಾರಿಗಳಿಗೆ ಎ.ಸಿ. ಕ್ಯಾಬಿನ್ನು ಹೊಸದಲ್ಲ. ವಿದ್ಯೆ ಇತ್ತು, ಕಾರ್ಖಾನೆ ಇತ್ತು, ಮಾಡುವ ಕೆಲಸಗಾರರೂ ಇದ್ದರು. ಆದರೂ ಬೆಲೆಬಾಳುವ ಲಾರಿಯ ಡ್ರೈವರನಿಗೆ ಸಿಕ್ಕಿದ್ದು ಅಗ್ಗದ ಲಾರಿಯ ಡ್ರೈವರನಿಗೆ ಸಿಗಲು ಕಾಲು ಶತಮಾನ ಕಳೆಯಬೇಕಾಯಿತು. ಅದೂ ಈಗ ಸಿಕ್ಕಿರುವುದು ಹೊಸ ಲಾರಿಗಳಿಗೆ ಮಾತ್ರ. ಇಂದು ಹೆದ್ದಾರಿಯಲ್ಲಿ ಓಡಾಡುತ್ತಿರುವ ಹಳೆಯ ಲಾರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಆದರೆ ನಾವು ಈ ವಾರ ಬರೆಯಹೊರಟಿರುವುದು ಇದಕ್ಕಿಂತ ಬೇರೆಯಾದ ಒಂದು ಮಾತನ್ನು. ಕಾರ್ಖಾನೆಯಿಂದ ಬರುವ ಎ.ಸಿ.ಯ ಕಂಪ್ರೆಸರು ಬೆಲ್ಟಿನ ಮೂಲಕ ಲಾರಿಯ ಇಂಜಿನ್ನಿನಿಂದಲೇ ತಿರುಗುತ್ತದೆ. ಇಂಜಿನ್ ಓಡುತ್ತಿದ್ದರೆ ತಂಪು, ನಿಂತರೆ ತಂಪಿಲ್ಲ. ಹಾಗಾದರೆ ಲಾರಿ ನಿಂತ ಮೇಲೆ ಏನು? ದೂರದ ಲಾರಿಯ ಡ್ರೈವರನಿಗೆ ಕ್ಯಾಬಿನ್ನು ಕೆಲಸದ ಜಾಗವಷ್ಟೇ ಅಲ್ಲ. ಅವನು ಉಣ್ಣುವುದು ಅದರ ನೆರಳಿನಲ್ಲಿ, ಮಲಗುವುದು ಅದರೊಳಗೆ. ಬೆಂಗಳೂರಿನಿಂದ ದಿಲ್ಲಿಗೆ, ಮಂಗಳೂರಿನಿಂದ ನಾಗಪುರಕ್ಕೆ ಲೋಡು ಹೊತ್ತವನು ದಿನಗಟ್ಟಲೆ ಆ ಪೆಟ್ಟಿಗೆಯಲ್ಲೇ ಸಂಸಾರ ಹೂಡುತ್ತಾನೆ. ಅವನು ದುಡಿಯುವ ಗಂಟೆಗೆ ತಂಪು ಕೊಟ್ಟು ನಿದ್ದೆಯ ಗಂಟೆಗೆ ಕೊಡದ ನಿಯಮ ಅರ್ಧ ನಿಯಮ. ದುಡಿಮೆ ನಿಲ್ಲದಿರಲಿ ಎಂಬಷ್ಟಕ್ಕೆ ಮಾತ್ರ ಮನುಷ್ಯನನ್ನು ನೋಡಿಕೊಳ್ಳುವ ಹಳೆಯ ಬಂಡವಾಳದ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆಯೆಂದು ನಮ್ಮ ಅಭಿಪ್ರಾಯ.

ಇಲ್ಲಿ ಡ್ರೈವರನ ಮುಂದೆ ಇರುವ ದಾರಿಗಳು ಎರಡೇ. ಇಂಜಿನ್ನನ್ನು ಆರಿಸಿ, ಬಾಗಿಲು ತೆರೆದು, ಸೊಳ್ಳೆಗಳಿಗೆ ಮೈಯೊಡ್ಡಿ ಬೆವರುತ್ತ ಹೊರಳಾಡುವುದು ಒಂದು. ಕ್ಯಾಬಿನ್ನಿನ ಮಾಡಿನ ಮೇಲೋ ಲಾರಿಯ ಕೆಳಗೋ ಚಾಪೆ ಹಾಸಿಕೊಳ್ಳುವುದೂ ಇದರದೇ ಇನ್ನೊಂದು ರೂಪ. ಲಾರಿಯನ್ನು ಸ್ಟಾರ್ಟಿನಲ್ಲೇ ಬಿಟ್ಟು ಎ.ಸಿ. ಹಾಕಿಕೊಂಡು ಮಲಗುವುದು ಎರಡನೆಯದು. ಹೊಸ ನಿಯಮ ಈ ಎರಡನೆಯ ದಾರಿಯನ್ನು ತೆರೆದಿದೆ. ಇದರ ಖರ್ಚು ಎಷ್ಟು, ಅದನ್ನು ತೆರುವವರು ಯಾರು ಎಂದು ಮಾತ್ರ ಯಾರೂ ಹೇಳಿಲ್ಲ.

ಲೆಕ್ಕವನ್ನು ನಾವೇ ಹಾಕಿ ನೋಡೋಣ. ಅಮೆರಿಕದಲ್ಲಿ ದೊಡ್ಡ ಲಾರಿಯ ಇಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಉರಿಯುತ್ತದೆ. ನಮ್ಮ ಲಾರಿಗಳ ಇಂಜಿನ್ನು ಚಿಕ್ಕದು. ಅದರ ಅರ್ಧವೇ, ಅಂದರೆ ಒಂದೂವರೆ ಲೀಟರ್ ಎಂದೇ ಹಿಡಿದರೂ 8 ಗಂಟೆಯ ನಿದ್ದೆಗೆ 12 ಲೀಟರ್ ಆಯಿತು. ಲೀಟರಿಗೆ 90 ರೂಪಾಯಿಯಂತೆ 1,080 ರೂಪಾಯಿ. ವರ್ಷಕ್ಕೆ ಇಂಥ 200 ರಾತ್ರಿಗಳು ಬಂದರೆ ಎರಡು ಲಕ್ಷ ರೂಪಾಯಿ ದಾಟುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲಾಮ್ಲ ಗಾಳಿಗೆ ಸೇರುತ್ತದೆ. ಒಂದೇ ಲಾರಿಯಿಂದ ವರ್ಷಕ್ಕೆ ಆರು ಟನ್ನಿಗೂ ಹೆಚ್ಚಾಯಿತು. ಈ ಹೊಗೆ ಏಳುವುದು ಎಲ್ಲಿ? ಲಾರಿಗಳು ಸಾಲಾಗಿ ನಿಂತ ಕಡೆ, ಅದರ ಮಗ್ಗುಲ ಢಾಬಾದಲ್ಲಿ, ಅದರ ಹಿಂದಿನ ಬಡವರ ಕೇರಿಯಲ್ಲಿ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಸಾರಿದೆ.

ಮಾಲೀಕ ಈ 1,080 ರೂಪಾಯಿ ಕೊಡುತ್ತಾನೆಯೆ? ಡೀಸೆಲ್ಲಿಗೆ ಟ್ರಿಪ್ಪಿನ ಲೆಕ್ಕ ಕಟ್ಟಿ, ಇಷ್ಟು ಕಿಲೋಮೀಟರಿಗೆ ಇಷ್ಟೇ ಲೀಟರ್ ಎಂದು ಗೆರೆ ಎಳೆದ ಕಡೆ, ಮೀರಿ ಉರಿದದ್ದು ಡ್ರೈವರನ ಬಾಟಾದಿಂದ ಹೋಗುತ್ತದೆ. ಅಂಥಲ್ಲಿ ಗುಂಡಿ ಒತ್ತಿದರೆ ತಂಪು ಬರುತ್ತದೆ, ತಿಂಗಳ ಕೊನೆಗೆ ಮನೆಗೆ ಕಳಿಸುವ ಹಣ ಕರಗುತ್ತದೆ. ಹೀಗಾಗಿ ಎ.ಸಿ. ಇದ್ದೂ ಅವನು ಇಂಜಿನ್ ಆರಿಸಿ ಬೆವರುತ್ತಲೇ ಮಲಗುವನು. ಕಾನೂನಿನ ಪುಸ್ತಕದಲ್ಲಿ ತಂಪು, ಕ್ಯಾಬಿನ್ನಿನಲ್ಲಿ ಅದೇ ಬೇಗೆ.

ನಿದ್ದೆಗೆಟ್ಟವನು ಮರುದಿನ ಕೂರುವುದು ಹತ್ತಾರು ಟನ್ನಿನ ಚಕ್ರದ ಹಿಂದೆ. 17 ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಹಿಡಿತವು ರಕ್ತದಲ್ಲಿ ಶೇಕಡಾ 0.05 ಮದ್ಯವಿದ್ದವನ ಹಿಡಿತದಷ್ಟೇ ಕುಸಿಯುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಶೇಕಡಾ 0.03 ಮೀರಿದರೇ ಅಪರಾಧ. ಕುಡಿದವನಿಗೆ ಜೈಲು, ನಿದ್ದೆಯಿಲ್ಲದೆ ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಸರಕು ಮುಟ್ಟಿಸಿದವನಿಗೆ ಶಹಬಾಸ್‌ಗಿರಿ! 2022ನೆಯ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದು ಸರಕಾರದ್ದೇ ಲೆಕ್ಕ. ಪ್ರತಿ ಅಪಘಾತದ ಮರುದಿನ ಪತ್ರಿಕೆಗಳು ‘ಚಾಲಕನ ನಿರ್ಲಕ್ಷ್ಯ’ ಎಂದು ಬರೆಯುತ್ತವೆ. ಹಿಂದಿನ ರಾತ್ರಿ ಆ ಚಾಲಕ ಎಲ್ಲಿ ಮಲಗಿದ್ದ, ಎಷ್ಟು ಹೊತ್ತು ಮಲಗಿದ್ದ ಎಂದು ಕೇಳುವವರಿಲ್ಲ.

ಇಂಜಿನ್ ಆರಿಸಿ ತಂಪಿಡುವ ವಿದ್ಯೆಯೇ ಇಲ್ಲವೆ? ಇದೆ. ಅದು ಹೆದ್ದಾರಿಯಲ್ಲಿ ದಿನವೂ ನಮ್ಮ ಕಣ್ಣೆದುರಿಗೇ ಹಾದುಹೋಗುತ್ತದೆ. ದ್ರಾಕ್ಷಿ, ಮೀನು, ಐಸ್‌ಕ್ರೀಂ, ಲಸಿಕೆಗಳನ್ನು ಸಾಗಿಸುವ ಶೀತಲ ಪೆಟ್ಟಿಗೆಯ ಲಾರಿಗಳನ್ನು ನೋಡಿ. ದೂರ ಹೋಗುವ ಇಂಥ ಲಾರಿಗಳಲ್ಲಿ ಪೆಟ್ಟಿಗೆಯನ್ನು ತಂಪಿಡಲು ಬೇರೆಯೇ ಒಂದು ಸಣ್ಣ ಇಂಜಿನ್ ಇರುತ್ತದೆ. ಲಾರಿ ನಿಂತರೂ ಅದು ನಿಲ್ಲುವುದಿಲ್ಲ. ಐಸ್‌ಕ್ರೀಮಿಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯನ್ನು ಅದು ರಾತ್ರಿಯಿಡೀ ಕಾಯುತ್ತದೆ. ಅದರಿಂದ ಒಂದು ಮಾರು ದೂರದಲ್ಲಿ, ತಗಡಿನ ಇನ್ನೊಂದು ಮಗ್ಗುಲಲ್ಲಿ ಡ್ರೈವರ್ ಬೆವರುತ್ತ ಮಲಗಿರುತ್ತಾನೆ. ಸರಕು ಕೆಟ್ಟರೆ ನಷ್ಟ ಯಾರದೆಂದು ಗೊತ್ತಿದೆ, ಆದ್ದರಿಂದ ಅದಕ್ಕೆ ಯಂತ್ರವಿದೆ. ಮನುಷ್ಯ ಕೆಟ್ಟರೆ ಆಗುವ ನಷ್ಟ ಮಾಲೀಕನ ಪುಸ್ತಕದಲ್ಲಿ ಬರೆಯುವಂಥದಲ್ಲ, ಆದ್ದರಿಂದ ಅವನಿಗೆ ಇಲ್ಲ.

ಬೇರೆ ದೇಶಗಳ ಅನುಭವದಿಂದಲೂ ಕಲಿಯುವುದಿದೆ. ಅಮೆರಿಕದಲ್ಲಿ 11 ಗಂಟೆ ಲಾರಿ ಓಡಿಸಿದವನು ಮತ್ತೆ ಓಡಿಸುವ ಮೊದಲು ಸತತ 10 ಗಂಟೆ ವಿರಾಮ ಪಡೆಯಲೇಬೇಕು. ಆ ಹತ್ತು ಗಂಟೆಯನ್ನು ಹಾಸಿಗೆಯಿರುವ ಕ್ಯಾಬಿನ್ನಿನಲ್ಲಿ ಇಂಜಿನ್ ಓಡಿಸಿಕೊಂಡೇ ಕಳೆಯುವುದು ಅಲ್ಲಿ ರೂಢಿಯಾಗಿತ್ತು. ಕ್ಯಾಲಿಫೋರ್ನಿಯಾ ರಾಜ್ಯವು 2008ರ ಜನವರಿಯಿಂದ ಹಾಸಿಗೆಯ ಲಾರಿಗಳೂ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಾಗೆ ಇಂಜಿನ್ ಓಡಿಸಕೂಡದೆಂದು ಕಟ್ಟುಮಾಡಿತು. ಹೊಗೆ ತೀರ ಕಡಿಮೆಯಿರುವ ಇಂಜಿನ್ನುಗಳಿಗೆ ಮಾತ್ರ ವಿನಾಯಿತಿ. ನಿಂತಾಗ ಬೇಕಾದ ಪ್ರತ್ಯೇಕ ಯಂತ್ರದ ತೂಕಕ್ಕೆಂದು ಅಲ್ಲಿನ ಕೇಂದ್ರ ಕಾನೂನು ಸುಮಾರು 250 ಕಿಲೋ ಹೆಚ್ಚಿನ ಭಾರಕ್ಕೆ ಅವಕಾಶ ಕೊಡಲು ರಾಜ್ಯಗಳಿಗೆ ಬಿಟ್ಟಿದೆ. ಅವರ ಸಮಸ್ಯೆ ಪೋಲಾಗುವ ಡೀಸೆಲ್, ನಮ್ಮದು ಪೋಲಾಗುವ ನಿದ್ದೆ. ಈಗ ಸರಿಯಾದ ಯಂತ್ರವನ್ನು ಆರಿಸಿಕೊಳ್ಳದಿದ್ದರೆ ನಮ್ಮ ಕಷ್ಟ ತೀರುವ ಮೊದಲೇ ಅವರ ಕಷ್ಟವೂ ಬಂದು ಸೇರಿಕೊಳ್ಳುತ್ತದೆ.

ಹಾಗಾದರೆ ಆರಿಸಬೇಕಾದ್ದು ಯಾವುದನ್ನು? ಲಾರಿ ಸಂಘಗಳೂ, ಒಂದೆರಡು ಲಾರಿ ಇಟ್ಟುಕೊಂಡು ತಾವೇ ಓಡಿಸುವ ಸಣ್ಣ ಮಾಲೀಕರೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲನೆಯದು, ತಂಪು ಮಾಡುವ ಯಂತ್ರಕ್ಕಿಂತ ಮೊದಲು ಕಾವು ಒಳಗೆ ಬಾರದಂತೆ ಮಾಡುವುದು. ಮಾಡಿಗೆ ಬಿಳಿ ಬಣ್ಣ, ತಗಡಿನ ಒಳಗೆ ಶಾಖ ತಡೆಯುವ ಹಾಸು, ಗಾಜಿಗೆ ದಪ್ಪ ಪರದೆ, ಬಾಗಿಲಿನ ಸಂದುಗಳಿಗೆ ರಬ್ಬರು. ಇವಕ್ಕೆ ಹೆಚ್ಚು ಖರ್ಚಿಲ್ಲ. ಇವಿಲ್ಲದೆ ಎಂಥ ಯಂತ್ರ ಕೂರಿಸಿದರೂ ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಎರಡನೆಯದು, ಬೇರೆ ಸಣ್ಣ ಡೀಸೆಲ್ ಇಂಜಿನ್ನಿನಿಂದ ನಡೆಯುವ ಯಂತ್ರ. ಇದು ಗಂಟೆಗೆ ಒಂದು ಲೀಟರಿನ ಆಸುಪಾಸಿನಲ್ಲಿ ಡೀಸೆಲ್ ಕುಡಿಯುತ್ತದೆ. ಎಷ್ಟು ಹೊತ್ತಾದರೂ ನಡೆದೀತು, ಬಿಸಿಯನ್ನೂ ತಂಪನ್ನೂ ಕೊಟ್ಟೀತು. ಆದರೆ ಬೆಲೆ ಹೆಚ್ಚು, ತೂಕ ಹೆಚ್ಚು, ಸದ್ದೂ ಹೊಗೆಯೂ ತಪ್ಪಿದ್ದಲ್ಲ. ಇದಕ್ಕೂ ಹೊಗೆಸೋಸಕ ಬೇಕೆಂದು ಕ್ಯಾಲಿಫೋರ್ನಿಯಾ ನಿಯಮ ಮಾಡಿತು. ನಮ್ಮ ಚಿಕ್ಕ ಇಂಜಿನ್ನಿನ ಲಾರಿಗಳಿಗೆ ಇದರಿಂದಾಗುವ ಉಳಿತಾಯ ಅಲ್ಪ.

ಮೂರನೆಯದು, ಬ್ಯಾಟರಿಯಿಂದ ನಡೆಯುವ ಎ.ಸಿ. ಮಾಡಿನ ಮೇಲೋ ಹಿಂಬದಿಯ ಗೋಡೆಗೋ ಕೂರುತ್ತದೆ. ಹಗಲು ಲಾರಿ ಓಡುವಾಗ ಡೈನಮೊ ಬ್ಯಾಟರಿ ತುಂಬುತ್ತದೆ, ರಾತ್ರಿ ಸದ್ದಿಲ್ಲದೆ ನಡೆಯುತ್ತದೆ. ಮಾರುವವರು ‘ರಾತ್ರಿಯಿಡೀ ಬರುತ್ತದೆ’ ಎನ್ನುವುದನ್ನು ಮಾತ್ರ ಲೆಕ್ಕ ಹಾಕದೆ ನಂಬಬಾರದು. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಎರಡು ಸೀಸದ ಬ್ಯಾಟರಿಗಳಲ್ಲಿ ಇರುವುದು 3,600 ವ್ಯಾಟ್-ಗಂಟೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಅವು ಬೇಗ ಹಾಳಾಗುತ್ತವೆ. ಆದ್ದರಿಂದ ಬಳಕೆಗೆ ಸಿಗುವುದು 1,800. ಯಂತ್ರ ಸರಾಸರಿ 450 ವ್ಯಾಟ್ ಎಳೆದರೆ ನಾಲ್ಕೇ ಗಂಟೆ. ನಡುರಾತ್ರಿಗೆ ತಂಪು ಮುಗಿದು ಎಚ್ಚರವಾಗುವ ಯಂತ್ರ ನಮಗೆ ಬೇಡ. ಎಂಟು ಗಂಟೆಗೆ ಇಂಥ ನಾಲ್ಕು ಬ್ಯಾಟರಿ ಬೇಕು. ಒಂದೊಂದೂ 40 ಕಿಲೋಗೆ ಮೇಲೆ ತೂಗುತ್ತದೆ. ಲಿಥಿಯಂ ಬ್ಯಾಟರಿಯಾದರೆ ಮುಕ್ಕಾಲು ಪಾಲಿಗೂ ಹೆಚ್ಚು ಬಳಸಬಹುದು, ತೂಕ ಕಡಿಮೆ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ಯಾವುದೇ ಆಗಲಿ, ಲಾರಿ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆಯೇ ಇರಬೇಕು. ಇಲ್ಲದಿದ್ದರೆ ಬೆಳಗ್ಗೆ ಲಾರಿ ತಳ್ಳಲು ಜನ ಹುಡುಕಬೇಕಾದೀತು. ಡೈನಮೊ ಈ ಹೆಚ್ಚಿನ ಹೊರೆಯನ್ನು ತಾಳುತ್ತದೆಯೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಇಷ್ಟು ವಿದ್ಯುತ್ತನ್ನು ತುಂಬಲು ತಗಲುವ ಡೀಸೆಲ್ ಒಂದೂವರೆ ಎರಡು ಲೀಟರ್. ಇಂಜಿನ್ ಓಡಿಸಿ ಮಲಗಿದರೆ ಆಗುವ 12 ಲೀಟರಿನ ಮುಂದೆ ಇದು ಎಲ್ಲಿ!

ನಾಲ್ಕನೆಯದು, ನೀರಿನ ಕೂಲರು. ಎ.ಸಿ.ಗೆ ಬೇಕಾದ್ದರ ಸಣ್ಣ ಪಾಲಿನಷ್ಟು ವಿದ್ಯುತ್ತಿನಲ್ಲೇ ಇದು ನಡೆಯುತ್ತದೆ. ಗಾಳಿ ಒಣಗಿರುವ ಬಳ್ಳಾರಿ, ರಾಯಚೂರು, ವಿದರ್ಭ, ರಾಜಸ್ಥಾನಗಳ ಬೇಸಗೆಗೆ ಬಡವನ ಸಂಗಾತಿ. ಆದರೆ ಮಂಗಳೂರು, ಕಾರವಾರ, ಮುಂಬಯಿಯ ತೇವದ ಗಾಳಿಯಲ್ಲಿ ಇದರಿಂದ ಏನೂ ಪ್ರಯೋಜನವಿಲ್ಲ. ಘಟ್ಟ ಇಳಿಯುವ ಲಾರಿಗೆ ಇದನ್ನು ನಂಬಿಕೊಳ್ಳಲಾಗದು.

ಐದನೆಯದು ಚಳಿಗೆ ಸಂಬಂಧಿಸಿದ್ದು. ನಮ್ಮ ಲಾರಿಗಳು ಕಾಶ್ಮೀರಕ್ಕೂ ಹೋಗುತ್ತವೆ, ಡಿಸೆಂಬರಿನ ದಿಲ್ಲಿ ಪಂಜಾಬಿಗೂ ಹೋಗುತ್ತವೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವನು ಬೆಳಗ್ಗೆ ಏಳದೆಹೋಗಬಹುದು. ಕೆಂಡದಿಂದ ಹುಟ್ಟುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತದೆ. ಇದಕ್ಕೆಂದೇ ಡೀಸೆಲ್ ಹೀಟರುಗಳಿವೆ. ಉರಿಯುವ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುತ್ತವೆ, ಬಿಸಿ ಮಾತ್ರ ಒಳಗೆ ಬರುತ್ತದೆ. ಗಂಟೆಗೆ ಕಾಲು ಲೀಟರಿನ ಆಸುಪಾಸು ಡೀಸೆಲ್ ಸಾಕು.

ಆರನೆಯದು, ಲಾರಿ ನಿಲ್ಲುವ ಕಡೆ ಕರೆಂಟು. ಪ್ಲಗ್ಗು ಹಾಕಿದರೆ ಬ್ಯಾಟರಿಯ ಹಂಗೂ ಇಲ್ಲ. ಅಮೆರಿಕದಲ್ಲಿ ಇದನ್ನು ಲಾಭಕ್ಕಾಗಿ ನಡೆಸಲು ಹೊರಟ ಐಡಲ್‌ಏರ್ ಎಂಬ ಕಂಪನಿ 2008ರಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಹೆದ್ದಾರಿಯ ವಿಶ್ರಾಂತಿ ಸ್ಥಳ ರಸ್ತೆ ದೀಪದಂತೆ ಸಾರ್ವಜನಿಕರ ಸೊತ್ತಾಗಿರಬೇಕೇ ಹೊರತು ಲಾಭದ ಅಂಗಡಿಯಾಗಬಾರದೆಂಬುದೇ ಇದರ ಪಾಠ. ಪೆಟ್ರೋಲ್ ಬಂಕುಗಳಲ್ಲಿ ಎಣ್ಣೆ ಕಂಪನಿಗಳು ‘ಅಪ್ನಾ ಘರ್’ ಎಂಬ ಹೆಸರಿನಲ್ಲಿ ಡ್ರೈವರುಗಳಿಗೆ ಹಾಸಿಗೆಯ ಕೋಣೆ ಕಟ್ಟಿಸಿರುವುದು ಒಳ್ಳೆಯ ಕೆಲಸ. ಆದರೆ ಲೋಡು, ಟಯರು, ಡೀಸೆಲ್ ಕಳವಾದರೆ ತಾನೇ ಹೊಣೆಯೆಂದು ಗೊತ್ತಿರುವವನು ಲಾರಿ ಬಿಟ್ಟು ಹೋಗಿ ಹೇಗೆ ಮಲಗಿಯಾನು? ಕಾವಲಿರುವ ನಿಲುಗಡೆ ಬರುವವರೆಗೆ ಕ್ಯಾಬಿನ್ನೇ ಅವನ ಮನೆ.

ಒಟ್ಟಿನಲ್ಲಿ ನಮ್ಮ ಹೆದ್ದಾರಿಗಳಿಗೆ ತಕ್ಕದ್ದು ಶಾಖ ತಡೆಯುವ ಕ್ಯಾಬಿನ್ನು, ಅದರ ಮೇಲೆ ಎಂಟು ಗಂಟೆ ತಾಳುವ ಬ್ಯಾಟರಿ ಎ.ಸಿ., ಉತ್ತರಕ್ಕೆ ಹೋಗುವ ಲಾರಿಗೆ ಡೀಸೆಲ್ ಹೀಟರು, ಸಾಧ್ಯವಾದ ಕಡೆಯೆಲ್ಲ ಪ್ಲಗ್ಗು. ಒಬ್ಬನು ಮಲಗುವಷ್ಟು ಜಾಗವನ್ನು ತಂಪಿಡಲು ಒಂದು ಅಶ್ವಶಕ್ತಿ ಸಾಕಾಗಿರುವಾಗ 200 ಅಶ್ವಶಕ್ತಿಯ ಇಂಜಿನ್ನನ್ನು ರಾತ್ರಿಯಿಡೀ ಓಡಿಸುವುದು ಎಂಥ ವಿವೇಕ? ಡಾ. ಲೋಹಿಯಾ ಅವರು 1952ರ ಪಚ್ಮಡಿ ಸಮ್ಮೇಳನದಲ್ಲಿ ಸಣ್ಣ ಯಂತ್ರದ ಮಾತನ್ನು ಮುಂದಿಟ್ಟರು. ಅದು ಚರಕಕ್ಕೆ ಹಿಂದಿರುಗುವ ಮಾತೆಂದು ನಕ್ಕವರಿದ್ದರು. ಕೆಲಸಕ್ಕೆ ತಕ್ಕಷ್ಟೇ ದೊಡ್ಡದಾದ, ಬಡದೇಶ ಕೊಳ್ಳಬಲ್ಲ, ದುಡಿಯುವವನ ಕೈಗೆಟುಕುವ ಯಂತ್ರ ಎಂಬುದು ಅದರ ಅರ್ಥ.

ಇನ್ನು ಹಣದ ಮಾತು. ಯಂತ್ರ, ಬ್ಯಾಟರಿ ಸೇರಿ ಒಂದೂವರೆ ಲಕ್ಷ, ಐದು ವರ್ಷದೊಳಗೆ ಒಂದು ಸಲ ಬ್ಯಾಟರಿ ಬದಲಿಸಲು 60 ಸಾವಿರ ಎಂದು ಹಿಡಿಯೋಣ. ಲಾರಿ ವರ್ಷಕ್ಕೆ 80 ಸಾವಿರ ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ ಬೀಳುವುದು ಸುಮಾರು 53 ಪೈಸೆ. ಬೆಂಗಳೂರಿನಿಂದ ಮುಂಬಯಿಗೆ ಸುಮಾರು ಸಾವಿರ ಕಿಲೋಮೀಟರು, 530 ರೂಪಾಯಿ. ಹತ್ತು ಟನ್ನು ಈರುಳ್ಳಿ, ಅಂದರೆ 50 ಕಿಲೋದ 200 ಚೀಲ ಹೇರಿದ್ದರೆ ಚೀಲಕ್ಕೆ ಎರಡೂಮುಕ್ಕಾಲು ರೂಪಾಯಿಯೂ ಆಗುವುದಿಲ್ಲ. ಚೀಲಕ್ಕೆ ಇಷ್ಟನ್ನು ಕೊಡಲಾರದಷ್ಟು ಬಡವಾಗಿದೆಯೆ ಈ ದೇಶದ ವ್ಯಾಪಾರ? ಇದನ್ನು ರೈತನ ತಲೆಗೂ ಕಟ್ಟಬಾರದು, ಡ್ರೈವರನ ಬಾಟಾದಲ್ಲೂ ಮುರಿಯಬಾರದು. ಬಾಡಿಗೆ ದರದಲ್ಲಿ ಸೇರಿಸಿ, ಸರಕು ಕಳಿಸುವ ದೊಡ್ಡ ಕಂಪನಿಗಳಿಂದಲೂ ಸಗಟು ವ್ಯಾಪಾರಿಗಳಿಂದಲೂ ವಸೂಲು ಮಾಡಬೇಕು. ಸಣ್ಣ ಮಾಲೀಕ ನಮ್ಮ ಶತ್ರುವಲ್ಲ. ಸಾಲದ ಕಂತು, ಟಯರಿನ ಬೆಲೆ, ಟೋಲುಗಳ ನಡುವೆ ಅವನೂ ನುಚ್ಚುನೂರಾಗುತ್ತಿದ್ದಾನೆ. ಬಾಡಿಗೆಯನ್ನು ತಗ್ಗಿಸಿ ತಗ್ಗಿಸಿ ಅವನನ್ನು ಹಿಂಡುವ ಕೈಯೇ ಅವನ ಮೂಲಕ ಡ್ರೈವರನನ್ನೂ ಹಿಂಡುತ್ತಿದೆ.

ಯಂತ್ರದೊಂದಿಗೆ ಕಾನೂನೂ ಬರಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಅದು ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಆ ಕಾಯ್ದೆಯನ್ನು ನುಂಗಿತು, ಐದು ಎಂಬುದನ್ನು ಹತ್ತು ಮಾಡಿತು. ಎರಡು ಮೂರು ಲಾರಿಯ ಮಾಲೀಕನ ಬಳಿ ದುಡಿಯುವವನು ಹಿಂದೆಯೂ ಹೊರಗಿದ್ದ, ಈಗ ಅವನ ಜೊತೆಗೆ ಇನ್ನಷ್ಟು ಜನ ಹೊರಗಾದರು. ಮಲಗಲು ಹೊತ್ತೇ ಕೊಡದೆ ಮಲಗುವ ಜಾಗವನ್ನು ತಂಪು ಮಾಡಿದರೆ ಬಂದ ಭಾಗ್ಯವೇನು?

ಆದ್ದರಿಂದ ನಮ್ಮ ಒತ್ತಾಯಗಳು ಇವು. ಒಂದು, ಎ.ಸಿ. ನಿಯಮವನ್ನು ತಿದ್ದಿ, ಇಂಜಿನ್ ಆರಿಸಿದ ಮೇಲೂ ಎಂಟು ಗಂಟೆ ಕ್ಯಾಬಿನ್ನು ತಂಪಾಗಿರಬೇಕೆಂದು ದೂರದ ಲಾರಿಗಳಿಗೆ ವಿಧಿಸಬೇಕು. ಎರಡು, ಈ ಯಂತ್ರದ ತೂಕಕ್ಕೆ ಭಾರದ ಮಿತಿಯಲ್ಲಿ ರಿಯಾಯಿತಿ ಕೊಡಬೇಕು. ಮೂರು, ಹಳೆಯ ಲಾರಿಯ ಸಣ್ಣ ಮಾಲೀಕರಿಗೆ ಸಹಕಾರಿ ಬ್ಯಾಂಕುಗಳಿಂದ ಕಡಿಮೆ ಬಡ್ಡಿಯ ಸಾಲ ಸಿಗಬೇಕು. ನಾಲ್ಕು, ತಂಪಿಗಾಗಲಿ ಬಿಸಿಗಾಗಲಿ ಆದ ಡೀಸೆಲ್ಲನ್ನು ಬಾಟಾದಲ್ಲಿ ಮುರಿಯುವುದು ಶಿಕ್ಷಾರ್ಹವಾಗಬೇಕು. ಐದು, ರಾಜ್ಯ ಸರಕಾರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಸಂಸ್ಥೆ ಯಶವಂತಪುರದಿಂದ ಮೊದಲುಮಾಡಿ ತನ್ನ ನಿಲುಗಡೆಗಳಲ್ಲೆಲ್ಲ ಕಾವಲು, ಸ್ನಾನದ ಮನೆ, ಪ್ಲಗ್ಗುಗಳನ್ನು ಒದಗಿಸಬೇಕು. ಆರು, ಲಾರಿ ಒಂದೇ ಇರಲಿ ನೂರೇ ಇರಲಿ, ದುಡಿಮೆಯ ಗಂಟೆಯ ಮಿತಿ ಎಲ್ಲ ಡ್ರೈವರುಗಳಿಗೂ ಅನ್ವಯಿಸಬೇಕು.

ಬೆಂಗಳೂರು–ಪುಣೆ ಹೆದ್ದಾರಿಯೂ ಹೊಸಪೇಟೆ, ವಿಜಯಪುರದ ಕಡೆಯ ಹೆದ್ದಾರಿಯೂ ಕೂಡುವ ಚಿತ್ರದುರ್ಗದಂಥ ಊರುಗಳಲ್ಲಿ ಡ್ರೈವರುಗಳ, ಕ್ಲೀನರುಗಳ ಸಂಘ ಗಟ್ಟಿಯಾಗದ ಹೊರತು ಇವುಗಳಲ್ಲಿ ಒಂದೂ ತಾನಾಗಿ ಬರುವುದಿಲ್ಲ. ಒಬ್ಬೊಬ್ಬನೇ ಕೇಳಿದರೆ ‘ಬೇರೆ ಡ್ರೈವರ್ ಸಿಗುತ್ತಾನೆ’ ಎಂಬ ಉತ್ತರ ಸಿದ್ಧವಾಗಿದೆ. ಎಲ್ಲರೂ ಕೂಡಿ ಕೇಳಿದರೆ ಆ ಉತ್ತರ ನಡೆಯದು. ಮುಂದಿನ ಸಲ ಬಾಡಿಗೆ, ಬಾಟಾಗಳ ಮಾತುಕತೆಗೆ ಕೂತಾಗ ನಿದ್ದೆಯ ಎಂಟು ಗಂಟೆಯನ್ನೂ ಬೇಡಿಕೆಯ ಕಾಗದದಲ್ಲಿ ಬರೆಯಿರಿ ಎಂದು ಲಾರಿ ಕಾರ್ಮಿಕ ಬಂಧುಗಳನ್ನು ನಾವು ಕೇಳಿಕೊಳ್ಳುತ್ತೇವೆ. ನಮ್ಮ ಪಕ್ಷದ ಕಾರ್ಯಕರ್ತರು ಆ ಕಾಗದವನ್ನು ಹಿಡಿದು ನಿಮ್ಮೊಂದಿಗೆ ಕಚೇರಿಯ ಮೆಟ್ಟಿಲು ಹತ್ತುತ್ತಾರೆ.